ಫಲವೂ ಬೆಲೆಯೂ

ಆಟಕ್ಕೂ ನನಗೂ ಎಣ್ಣೆ ಸೀಗೆಕಾಯಿಯ ನಂಟು. ಬಾಲ್ಯದಲ್ಲಿ ಚಿನ್ನಿದಾಂಡು ಆಡಿ ಪಕ್ಕದ ಮನೆಯ ಕಿಟಕಿಯ ಗಾಜು ಒಡೆದದ್ದನ್ನು ಬಿಟ್ಟರೆ ಕ್ರೀಡಾರಂಗಕ್ಕೆ ನಾನು ಸಲ್ಲಿಸಿದ ಸೇವೆ ಏನೂ ಇಲ್ಲ. ಕಾಲೇಜಿನ ಕ್ರೀಡೋತ್ಸವದ ದಿನ ನನ್ನನ್ನು ಹಾಜರಿ ಪುಸ್ತಕದ ಮುಂದೆ ಕೂರಿಸುತ್ತಾರೆ. ನನ್ನ ಯೋಗ್ಯತೆಗೆ ತಕ್ಕ ಸ್ಥಾನವೇ ಅದು. ಅಂಥವನು ಒಬ್ಬ ಆಟಗಾರನ ವಿಷಯವಾಗಿ, ಅದೂ ದೂರದ ಐರ್ಲೆಂಡಿನ ಆಟಗಾರನೊಬ್ಬನ ವಿಷಯವಾಗಿ, ಬರೆಯಲು ಹೊರಟಿದ್ದೇನೆಂದರೆ ನನ್ನ ಸಹೋದ್ಯೋಗಿಗಳು ನಕ್ಕಾರು. ನಗಲಿ. ನಾನು ಬರೆಯಹೊರಟಿರುವುದು ಆಟದ ವಿಷಯವೆಂಬುದಕ್ಕಿಂತ, ಆ ಆಟ ನನ್ನ ಮನಸ್ಸಿನಲ್ಲಿ ಎಬ್ಬಿಸಿದ ಒಂದು ಪ್ರಶ್ನೆಯ ವಿಷಯ.

ಇದಕ್ಕೆಲ್ಲ ಕಾರಣ ನನ್ನ ಸೋದರಳಿಯ. ಡಬ್ಲಿನ್ ನಗರದ ಕಂಪ್ಯೂಟರ್ ಕಂಪನಿಯೊಂದರಲ್ಲಿ ಅವನಿಗೆ ಕೆಲಸ. ರಜೆಯಲ್ಲಿ ಊರಿಗೆ ಬಂದಿದ್ದಾಗ ಒಂದು ಸಂಜೆ ಜಗಲಿಯ ಮೇಲೆ ಕುಳಿತು, ತನ್ನ ಫೋನಿನಲ್ಲಿ ನನಗೊಂದು ಪಂದ್ಯ ತೋರಿಸಿದ. ಕಾಲ್ಚೆಂಡಿನ ಹಾಗಿದೆ, ಆದರೆ ಚೆಂಡನ್ನು ಕೈಯಲ್ಲಿಯೂ ಹಿಡಿಯುತ್ತಾರೆ; ನಾಲ್ಕು ಹೆಜ್ಜೆ ಓಡಿ, ಪಾದದ ತುದಿಯಿಂದ ಚಿಮ್ಮಿಸಿ ಮತ್ತೆ ಕೈಗೆ ತಂದುಕೊಳ್ಳುತ್ತಾರೆ; ಮುಷ್ಟಿಯಿಂದ ಗುದ್ದಿ ಗೆಳೆಯನಿಗೆ ದಾಟಿಸುತ್ತಾರೆ. ಆ ಪಂದ್ಯ ನಡೆದ ಕಾಲದಲ್ಲಿ ಕಂಬಗಳ ನಡುವೆ ಅಡ್ಡಪಟ್ಟಿಯ ಮೇಲೆ ಹಾದುಹೋದರೆ ಒಂದು ಅಂಕವಿತ್ತು, ಕೆಳಗೆ ಬಲೆಗೆ ಬಿದ್ದರೆ ಮೂರು. ಪಕ್ಷಕ್ಕೆ ಹದಿನೈದು ಜನ. ಸುತ್ತಲೂ ಕಣ್ಣು ಹಾಯುವಷ್ಟು ದೂರ ಜನವೋ ಜನ.

ಆಟ ನೋಡುತ್ತ ನೋಡುತ್ತ, ಗೋಲಿನ ಮುಂದೆ ನಿಂತಿದ್ದ ಒಬ್ಬ ತೆಳ್ಳನೆಯ ಮನುಷ್ಯನನ್ನು ತೋರಿಸಿ ಅಳಿಯ ಹೇಳಿದ: “ಇವನ ಹೆಸರು ಸ್ಟೀಫನ್ ಕ್ಲಕ್ಸ್‌ಟನ್. ಡಬ್ಲಿನ್ ಪರವಾಗಿ 2001ರಲ್ಲಿ ಆಡಲು ಶುರುಮಾಡಿದವನು, 2023ರಲ್ಲಿ ಕಪ್ಪು ಗೆದ್ದಾಗಲೂ ಇದೇ ಜಾಗದಲ್ಲಿ ನಿಂತಿದ್ದ. ಆಗ ನಲವತ್ತೊಂದು ವಯಸ್ಸು.”

ನಾನು ಕೇಳಿದ ಮೊದಲ ಪ್ರಶ್ನೆಯನ್ನು ಮುಚ್ಚುಮರೆಯಿಲ್ಲದೆ ಹೇಳಿಬಿಡುತ್ತೇನೆ. ಮಧ್ಯಮವರ್ಗದ ಮನುಷ್ಯ ಕೇಳುವ ಪ್ರಶ್ನೆಯೇ ಅದು. “ಇವನಿಗೆ ಎಷ್ಟು ಕೊಡುತ್ತಾರಪ್ಪ?”

“ಏನೂ ಕೊಡುವುದಿಲ್ಲ ಮಾವ.”

“ಏನೂ ಇಲ್ಲವೆಂದರೆ?”

“ಸಂಬಳ ಇಲ್ಲ. ಆ ಮೈದಾನದಲ್ಲಿ ಓಡುತ್ತಿರುವ ಮೂವತ್ತು ಜನರಲ್ಲಿ ಒಬ್ಬನಿಗೂ ಇಲ್ಲ. ಇವನು ಹೊಟ್ಟೆಪಾಡಿಗೆ ಸ್ಕೂಲಿನಲ್ಲಿ ಸೈನ್ಸ್ ಪಾಠ ಮಾಡುತ್ತಾನೆ. ಮೇಷ್ಟ್ರು, ನಿನ್ನ ಹಾಗೆ.”

ಕೊನೆಯ ಎರಡು ಮಾತನ್ನು ಅವನು ಪ್ರೀತಿಯಿಂದಲೇ ಆಡಿದ. ಆದರೂ ಅಂದಿನಿಂದ ಅದು ಚಪ್ಪಲಿಯೊಳಗಿನ ಕಲ್ಲಿನ ಹಾಗೆ ನನ್ನನ್ನು ಒತ್ತುತ್ತಿದೆ.

ಆ ಆಟದ ಹಿನ್ನೆಲೆಯನ್ನು ಎರಡು ಮಾತಿನಲ್ಲಿ ಹೇಳದಿದ್ದರೆ ಇದು ಅರ್ಥವಾಗದು. 1884ರ ನವೆಂಬರ್ 1ರಂದು, ಥರ್ಲಿಸ್ ಎಂಬ ಸಣ್ಣ ಪಟ್ಟಣದ ಒಂದು ಹೋಟೆಲಿನಲ್ಲಿ ಬೆರಳೆಣಿಕೆಯಷ್ಟು ಜನ ಸೇರಿ ‘ಗೇಲಿಕ್ ಅಥ್ಲೆಟಿಕ್ ಅಸೋಸಿಯೇಷನ್’ ಎಂಬ ಸಂಸ್ಥೆಯನ್ನು ಕಟ್ಟಿದರು. ಅವರಲ್ಲಿ ಮುಖ್ಯನಾದ ಮೈಕೆಲ್ ಕ್ಯೂಸಾಕ್ ಕೂಡ ಉಪಾಧ್ಯಾಯನೇ. ದೇಶ ಇಂಗ್ಲಿಷರ ಕೈಯಲ್ಲಿದ್ದ ಕಾಲ. ಆಳುವವರ ಆಟಗಳು ಬಂದು ನಾಡಿನ ಆಟಗಳು ಮೂಲೆಗೆ ಸರಿಯುತ್ತಿದ್ದುವು. ಅವನ್ನು ಉಳಿಸಿಕೊಳ್ಳಬೇಕೆಂಬುದು ಅವರ ಹಂಬಲ. ಊರಿಗೊಂದು ಸಂಘ, ಸಂಘಗಳೆಲ್ಲ ಸೇರಿ ಜಿಲ್ಲೆಗೊಂದು ತಂಡ. ಕೌಂಟಿ ಎಂದು ಅವರು ಕರೆಯುವುದನ್ನು ನಾವು ಜಿಲ್ಲೆಯೆನ್ನಬಹುದು. 1920ರ ನವೆಂಬರ್ 21ರ ಭಾನುವಾರ, ಸ್ವಾತಂತ್ರ್ಯ ಹೋರಾಟ ಕಾವೇರಿದ್ದ ಹೊತ್ತಿನಲ್ಲಿ, ಡಬ್ಲಿನ್ನಿನ ಕ್ರೋಕ್ ಪಾರ್ಕ್ ಮೈದಾನಕ್ಕೆ ಸರ್ಕಾರದ ಪಡೆ ನುಗ್ಗಿ ಗುಂಡು ಹಾರಿಸಿತು. ಸತ್ತವರು 14 ಜನ. ಅವರಲ್ಲಿ ಒಬ್ಬ ಟಿಪ್ಪರೆರಿ ತಂಡದ ಆಟಗಾರ, ಮೈಕೆಲ್ ಹೋಗನ್. ಆ ಮೈದಾನದ ಒಂದು ಬದಿಯ ಪ್ರೇಕ್ಷಾಂಗಣಕ್ಕೆ ಇಂದಿಗೂ ಅವನದೇ ಹೆಸರು. ಗೆದ್ದ ತಂಡದ ನಾಯಕ ಮೆಟ್ಟಿಲೇರಿ ಕಪ್ಪನ್ನು ಸ್ವೀಕರಿಸುವುದು ಅಲ್ಲಿಯೇ. ಜಲಿಯನ್‌ವಾಲಾ ಬಾಗಿನ ಮಾರನೆಯ ವರ್ಷ ನಡೆದ ಘಟನೆಯಿದು ಎಂದರೆ ನಮಗೆ ಹೆಚ್ಚು ವಿವರಣೆ ಬೇಕಿಲ್ಲ.

ಈ ಆಟದಲ್ಲಿ ಆಟಗಾರರನ್ನು ಹರಾಜು ಹಾಕುವ ಪದ್ಧತಿಯಿಲ್ಲ. ಹೆಚ್ಚು ಕೊಡುವವರ ಕಡೆಗೆ ಹೋಗುವ ಮಾತೂ ಇಲ್ಲ, ಏಕೆಂದರೆ ಕೊಡುವವರೇ ಇಲ್ಲ. ಹುಟ್ಟಿ ಬೆಳೆದ ಬೀದಿಯ ಸಂಘಕ್ಕೆ ಆಡಬೇಕು. ಯೋಗ್ಯತೆಯಿದ್ದರೆ ಜಿಲ್ಲೆಗೆ ಆಡಬೇಕು. ಕ್ಲಕ್ಸ್‌ಟನ್ ಡಬ್ಲಿನ್ನಿನ ಉತ್ತರಭಾಗದ ‘ಪಾರ್ನೆಲ್ಸ್’ ಎಂಬ ಸಂಘದ ಹುಡುಗ. ಬೆಳಿಗ್ಗೆ ಶಾಲೆ, ಸಂಜೆ ಅಭ್ಯಾಸ, ಭಾನುವಾರ ಪಂದ್ಯ.

ಆತನ ಆಟದ ಬಾಳು ಮೊದಲಿನಿಂದಲೂ ಹೂವಿನ ಹಾಸಿಗೆಯಾಗಿರಲಿಲ್ಲ. 2003ರಲ್ಲಿ ಆರ್ಮಾ ತಂಡದೊಡನೆ ಆಡುವಾಗ ತಾಳ್ಮೆಗೆಟ್ಟು, ನಿರ್ಣಾಯಕರಿಂದ ಕೆಂಪು ಚೀಟಿ ಪಡೆದು ಹೊರಗೆ ನಡೆಯಬೇಕಾಯಿತು, ಪಂದ್ಯವೂ ಹೋಯಿತು. ವರ್ಷ ವರ್ಷ ಡಬ್ಲಿನ್ ಆಸೆ ಹುಟ್ಟಿಸುವುದು, ವರ್ಷ ವರ್ಷ ಎಲ್ಲೋ ಒಂದು ಕಡೆ ಮುಗ್ಗರಿಸುವುದು. ಹೀಗೆ ಹತ್ತು ವರ್ಷ. ಹತ್ತು ವರ್ಷವೆಂದರೆ ಆಟಗಾರನ ಆಯುಸ್ಸಿನಲ್ಲಿ ಒಂದು ಇಡೀ ಜನ್ಮ. ಆ ಜನ್ಮದಲ್ಲಿ ಒಂದು ಅಖಿಲ ಐರ್ಲೆಂಡ್ ಕಪ್ಪೂ ಇಲ್ಲ, ಒಂದು ಕಾಸೂ ಇಲ್ಲ.

ಆ ಹತ್ತು ವರ್ಷಗಳಲ್ಲಿ ಆತ ಒಂದು ಕೆಲಸ ಮಾಡಿದ. ಚೆಂಡು ಹೊರಗೆ ಹೋದಾಗ ಗೋಲಿ ಅದನ್ನು ಮತ್ತೆ ಒದ್ದು ಆಟಕ್ಕೆ ತರಬೇಕಷ್ಟೆ. ಅದುವರೆಗೆ ಎಲ್ಲ ಗೋಲಿಗಳೂ ಬಲವಿದ್ದಷ್ಟು ದೂರಕ್ಕೆ, ಮೈದಾನದ ಮಧ್ಯಕ್ಕೆ ಒದೆಯುತ್ತಿದ್ದರು. ಅಲ್ಲಿ ಎರಡು ಪಕ್ಷದ ಎತ್ತರದ ಆಳುಗಳು ಹಾರಿ ಗುದ್ದಾಡುತ್ತಿದ್ದರು, ಸಿಕ್ಕಿದವನಿಗೆ ಸೀರುಂಡೆ. ಕ್ಲಕ್ಸ್‌ಟನ್ ಆ ಒದೆತವನ್ನು ಒಂದು ಕಾಗದ ಬರೆಯುವ ಕೆಲಸದಂತೆ ಮಾಡಿದ. ಇಂಥವನಿಗೆ, ಇಂಥ ಕಡೆಗೆ, ಅವನು ಓಡುತ್ತಿರುವ ದಾರಿಯಲ್ಲಿ ಎದೆಯ ಎತ್ತರಕ್ಕೆ, ಎಂದು ವಿಳಾಸ ಬರೆದು ಕಳಿಸತೊಡಗಿದ. ಎದುರಾಳಿಗಳು ಸಾಲುಗೂಡುವ ಮೊದಲೇ ಚೆಂಡು ತನ್ನವರ ಕೈ ಸೇರಿರುತ್ತಿತ್ತು. ನೋಡುವವರಿಗೆ ಇದು ದೊಡ್ಡ ಸಂಗತಿಯಾಗಿ ಕಾಣದು. ಆದರೆ ಆಟ ಬಲ್ಲವರು, ಗೋಲಿಯ ಕೆಲಸದ ಅರ್ಥವೇ ಬದಲಾಯಿತು ಎನ್ನುತ್ತಾರೆ. ಮುಂದೆ ಎಲ್ಲ ಜಿಲ್ಲೆಯ ಗೋಲಿಗಳೂ ಅದನ್ನು ಕಲಿಯಬೇಕಾಯಿತು.

2011ರ ಸೆಪ್ಟೆಂಬರ್ 18. ಫೈನಲ್ ಪಂದ್ಯ. ಎದುರಿಗೆ ಕೆರ್ರಿ, ಎಲ್ಲರಿಗಿಂತ ಹೆಚ್ಚು ಸಲ ಗೆದ್ದ ಜಿಲ್ಲೆ. ಡಬ್ಲಿನ್ ಕಪ್ಪು ಕಂಡು ಹದಿನಾರು ವರ್ಷವಾಗಿದೆ. ಹಿಂದೆ ಬಿದ್ದಿದ್ದ ಡಬ್ಲಿನ್ ಹೇಗೋ ಸಮಸಮಕ್ಕೆ ಬಂದು ನಿಂತಿದೆ. ಕಾಲ ಮುಗಿದಿದೆ, ನಿರ್ಣಾಯಕ ಸೇರಿಸಿದ ಹೆಚ್ಚುವರಿ ನಿಮಿಷಗಳಷ್ಟೇ ಬಾಕಿ. ಆಗ ಡಬ್ಲಿನ್ನಿಗೆ ಒಂದು ಫ್ರೀ ಕಿಕ್ ದೊರೆಯುತ್ತದೆ. ಒದೆಯಲು ಮೈದಾನದ ಆ ತುದಿಯಿಂದ ಈ ತುದಿಗೆ ಗೋಲಿಯೇ ಬರುತ್ತಾನೆ. ಚೆಂಡನ್ನು ನೆಲದ ಮೇಲಿಡುತ್ತಾನೆ. ಎಂಬತ್ತು ಸಾವಿರ ಜನ ಉಸಿರು ಹಿಡಿದಿದ್ದಾರೆ. ಒದೆಯುತ್ತಾನೆ, ಚೆಂಡು ಕಂಬಗಳ ನಡುವೆ ಮೇಲೆ ಹಾದುಹೋಗುತ್ತದೆ. ಅಳಿಯ ಇದನ್ನು ಮೂರು ಸಲ ಹಿಂದಕ್ಕೆ ತಿರುಗಿಸಿ ತೋರಿಸಿದ. ನನ್ನ ಕಣ್ಣು ನೆಟ್ಟದ್ದು ಆಮೇಲಿನ ಕ್ಷಣದ ಮೇಲೆ. ಆತ ಕುಣಿಯಲಿಲ್ಲ, ಕೈಯೆತ್ತಲಿಲ್ಲ. ತಿರುಗಿ ತನ್ನ ಗೋಲಿನ ಕಡೆ ಓಡಿದ. ಪಂದ್ಯ ಇನ್ನೂ ಮುಗಿದಿರಲಿಲ್ಲ. ಅವನ ಜಾಗ ಖಾಲಿ ಇತ್ತು.

ಅಂದು ಡಬ್ಲಿನ್ ಗೆದ್ದದ್ದು ಒಂದೇ ಅಂಕದಿಂದ. ಅಲ್ಲಿಂದ ಮುಂದಿನದು ಗೆಲುವಿನ ಕತೆ. 2013ರಲ್ಲಿ ಆತ ನಾಯಕನಾಗಿ ಕಪ್ಪು ಪಡೆದ. ಮತ್ತೆ 2015ರಿಂದ 2020ರವರೆಗೆ ಸತತವಾಗಿ ಆರು ವರ್ಷ ಪಡೆದ. 2019ರಲ್ಲಿ ವರ್ಷದ ಆಟಗಾರನೆಂಬ ಮನ್ನಣೆ ಬಂತು. 2020ರ ಫೈನಲ್ ನಡೆದದ್ದು ಡಿಸೆಂಬರಿನ ಚಳಿಯಲ್ಲಿ, ಕೊರೋನಾ ಕಾಲದಲ್ಲಿ. 82,000ಕ್ಕೂ ಹೆಚ್ಚು ಜನ ಹಿಡಿಯುವ ಕ್ರೋಕ್ ಪಾರ್ಕಿನಲ್ಲಿ ಪ್ರೇಕ್ಷಕರೇ ಇರಲಿಲ್ಲ. ಖಾಲಿ ಕುರ್ಚಿಗಳ ಎದುರಿಗೆ ಆತ ಕಪ್ಪನ್ನು ಎತ್ತಿ ಹಿಡಿದ. ಮರುವರ್ಷದಿಂದ ಆತ ತಂಡದಲ್ಲಿ ಕಾಣಲಿಲ್ಲ. ವಿದಾಯದ ಭಾಷಣವಿಲ್ಲ, ಹಾರ ತುರಾಯಿಯಿಲ್ಲ. ಮೊದಲಿನಿಂದಲೂ ಪತ್ರಿಕೆಯವರೆದುರು ಬಾಯಿಬಿಡುವ ಮನುಷ್ಯನಲ್ಲ. ಎರಡು ವರ್ಷ ಕಳೆದು 2023ರ ಏಪ್ರಿಲಿನಲ್ಲಿ ಒಂದು ಪಂದ್ಯದ ದಿನ ಜನ ನೋಡುತ್ತಾರೆ: ಬದಲಿ ಆಟಗಾರರ ಬೆಂಚಿನ ಮೇಲೆ ಕುಳಿತಿದ್ದಾನೆ! ಆ ವರ್ಷ ಜುಲೈ 30ರಂದು ಮತ್ತೆ ಕೆರ್ರಿಯನ್ನು ಸೋಲಿಸಿ ಒಂಬತ್ತನೆಯ ಪದಕ ಪಡೆದ. ಅವನೊಡನೆ ಆಡಿದ ಇನ್ನಿಬ್ಬರಿಗೂ, ಜೇಮ್ಸ್ ಮೆಕಾರ್ಥಿ ಮತ್ತು ಮೈಕೆಲ್ ಫಿಟ್ಜ್‌ಸೈಮನ್ಸ್ ಎಂಬವರಿಗೆ, ಅದು ಒಂಬತ್ತನೆಯದೇ. ಅವರಿಗಿಂತ ಮೊದಲು ಯಾವ ಆಟಗಾರನೂ ಆ ಸಂಖ್ಯೆಯನ್ನು ಮುಟ್ಟಿರಲಿಲ್ಲ.

ಇದನ್ನೆಲ್ಲ ಕೇಳಿದಾಗ ಮೇಷ್ಟರ ಬುದ್ಧಿ ಸುಮ್ಮನಿದ್ದೀತೆ? ಕೂಡಲೇ ಒಂದು ಹಣೆಪಟ್ಟಿ ಹುಡುಕಿ ತೆಗೆದೆ. “ಇದೇ ನೋಡಪ್ಪ ನಿಷ್ಕಾಮ ಕರ್ಮ” ಎಂದೆ. “ಫಲದ ಆಸೆಯಿಲ್ಲದೆ ಮಾಡುವ ಕೆಲಸ. ಗೀತೆಯನ್ನು ಓದದೆಯೇ ಆತ ಅದನ್ನು ಬಾಳಿದ್ದಾನೆ.”

ಅಳಿಯ ನಕ್ಕುಬಿಟ್ಟ. “ಫಲದ ಆಸೆ ಇಲ್ಲವೆ? ಮಾವ, ಆ ಮನುಷ್ಯನಿಗಿರುವಷ್ಟು ಗೆಲ್ಲುವ ಆಸೆ ಇನ್ನು ಯಾರಿಗೂ ಇಲ್ಲ. ಚೆಂಡು ಒಂದು ಗೇಣು ಆಚೆ ಈಚೆ ಬಿದ್ದರೂ ಅವನಿಗೆ ಸಹಿಸುವುದಿಲ್ಲ. ಆಸೆಯಿಲ್ಲದವನು ಕೆಂಪು ಚೀಟಿ ತೆಗೆದುಕೊಂಡು ಹೊರಗೆ ಹೋಗುತ್ತಾನೆಯೆ?”

ನನ್ನ ಹಣೆಪಟ್ಟಿ ಉದುರಿಬಿತ್ತು. ಹುಡುಗ ಹೇಳಿದ್ದು ನಿಜ. ಗೆದ್ದರೂ ಸರಿ, ಸೋತರೂ ಸರಿ ಎನ್ನುವವನು ಇಪ್ಪತ್ತು ವರ್ಷ ಸಂಜೆಯ ಚಳಿಯಲ್ಲಿ ನಿಂತು ಒಂದೇ ಒದೆತವನ್ನು ತಿದ್ದುತ್ತ ಇರಲಾರ. ಆತ ಬಿಟ್ಟದ್ದು ಫಲವನ್ನಲ್ಲ. ಹಾಗಾದರೆ ಏನನ್ನು?

ಯೋಚಿಸುತ್ತ ಹೋದಂತೆ ನನಗೆ ತೋರಿದ್ದಿಷ್ಟು. ಕೆಲಸಕ್ಕೆ ಎರಡು ಬಗೆಯ ಬಳುವಳಿಯಿದೆ. ಒಂದು ಅದರ ಫಲ, ಇನ್ನೊಂದು ಅದರ ಬೆಲೆ. ಇವೆರಡನ್ನೂ ಒಂದೇ ಚೀಲಕ್ಕೆ ತುಂಬಿ ನಾವು ಗೊಂದಲ ಮಾಡಿಕೊಂಡಿದ್ದೇವೆ. ಮಾವಿನ ಮರದ ಫಲ ಹಣ್ಣು. ಹಣ್ಣಿನ ಬೆಲೆ ಸಂತೆಯಲ್ಲಿ ಸಿಕ್ಕುವ ದುಡ್ಡು. ಫಲ ಮರದೊಳಗಿಂದಲೇ ಬರುತ್ತದೆ. ಬೆಲೆ ಹೊರಗಿನಿಂದ ಬರುತ್ತದೆ. ಇಂದು ಹೆಚ್ಚು, ನಾಳೆ ಕಡಮೆ. ಒದ್ದ ಚೆಂಡು ಕಂಬಗಳ ನಡುವೆ ಹೋಗುವುದು ಒದೆತದ ಫಲ. ಪಾಠ ಕೇಳಿದ ಹುಡುಗನ ಕಣ್ಣು ಅರಳುವುದು ಪಾಠದ ಫಲ. ತಿಂಗಳ ಕೊನೆಗೆ ಬ್ಯಾಂಕಿಗೆ ಬಂದು ಬೀಳುವುದು ಬೆಲೆ. ಈ ಗೋಲಿ ಫಲವನ್ನು ಜೀವ ಒತ್ತೆಯಿಟ್ಟು ಬಯಸಿದ, ಬೆಲೆಯನ್ನು ಕೇಳಲಿಲ್ಲ.

ನಾವು ಮಾಡುತ್ತಿರುವುದಾದರೂ ಏನು? ನಾವು, ಅಂದರೆ ನಾನು. ‘ಫಲಾಪೇಕ್ಷೆ ಬೇಡ’ ಎಂಬ ಉಪದೇಶವನ್ನು ಅಕ್ಷರಶಃ ಪಾಲಿಸಿಕೊಂಡು ಬಂದಿದ್ದೇನೆ. ಪಾಠ ಮಾಡುತ್ತೇನೆ, ಹುಡುಗರಿಗೆ ಅರ್ಥವಾಯಿತೋ ಇಲ್ಲವೋ ಎಂಬ ಚಿಂತೆಯನ್ನು ಸ್ಥಿತಪ್ರಜ್ಞನಂತೆ ಬಿಟ್ಟಿದ್ದೇನೆ. ಸಂಬಳ ಮಾತ್ರ ಒಂದು ದಿನ ತಡವಾದರೆ ಕಚೇರಿಯ ಗುಮಾಸ್ತರ ಮೇಜಿನ ಮುಂದೆ ನಿಂತಿರುತ್ತೇನೆ. ಎಂದೋ ಬರೆದುಕೊಂಡ ಟಿಪ್ಪಣಿ, ಅಂಚು ಹರಿದು ಅರಿಶಿನದ ಬಣ್ಣಕ್ಕೆ ತಿರುಗಿದೆ, ಅದನ್ನೇ ಓದುತ್ತೇನೆ. ಎಲ್ಲಿ ನಗೆ ಬರಬೇಕೋ ಅಲ್ಲಿ ‘ನಗೆ’ ಎಂದು ಅಂಚಿನಲ್ಲಿ ಗುರುತು ಹಾಕಿಕೊಂಡಿದ್ದೇನೆ. ಹುಡುಗರು ನಗುವುದನ್ನು ನಿಲ್ಲಿಸಿ ಎಷ್ಟೋ ವರ್ಷವಾಯಿತು. ಗುರುತು ಹಾಗೆಯೇ ಇದೆ. ಕ್ಲಕ್ಸ್‌ಟನ್ ಫಲವನ್ನಿಟ್ಟುಕೊಂಡು ಬೆಲೆಯನ್ನು ಬಿಟ್ಟ. ನಾನು ಬೆಲೆಯನ್ನಿಟ್ಟುಕೊಂಡು ಫಲವನ್ನು ಬಿಟ್ಟೆ. ಇಬ್ಬರೂ ಮೇಷ್ಟರುಗಳೇ!

ನೀವು ಒಂದು ಮಾತು ಕೇಳಬಹುದು: ‘ಒಂಬತ್ತು ಪದಕ ಸಿಕ್ಕಿದವನಿಗೆ ಬೆಲೆ ಬೇಡವಾದದ್ದು ಏನು ಹೆಚ್ಚು? ಕೀರ್ತಿಯೂ ಒಂದು ನಾಣ್ಯವೇ ಅಲ್ಲವೆ?’ ಒಳ್ಳೆಯ ಪ್ರಶ್ನೆ. ಡಬ್ಲಿನ್ ದೊಡ್ಡ ಊರು. ಜನಬಲವೂ ಧನಬಲವೂ ಉಂಟು. ಅದೇ ಅದರ ಗೆಲುವಿನ ಗುಟ್ಟೆಂದು ಮಿಕ್ಕ ಜಿಲ್ಲೆಗಳವರು ಗೊಣಗುವುದುಂಟು, ಅದರಲ್ಲಿ ಸತ್ಯವೂ ಉಂಟು. ಆದ್ದರಿಂದ ಪರೀಕ್ಷೆಯನ್ನು ಬೇರೆ ಕಡೆ ಮಾಡೋಣ. ಲೀಟ್ರಿಮ್ ಎಂಬುದೊಂದು ಪುಟ್ಟ ಜಿಲ್ಲೆಯಿದೆ. ಜನಸಂಖ್ಯೆ ಸುಮಾರು 35,000. ನಮ್ಮ ಒಂದು ತಾಲ್ಲೂಕು ಪಟ್ಟಣದಷ್ಟು. ಅಖಿಲ ಐರ್ಲೆಂಡ್ ಕಪ್ಪನ್ನು ಅದು ಒಮ್ಮೆಯೂ ಗೆದ್ದದ್ದಿಲ್ಲ. ತನ್ನ ಪ್ರಾಂತದ ಕಪ್ಪನ್ನು ಗೆದ್ದದ್ದು ಎರಡೇ ಸಲ: 1927ರಲ್ಲಿ ಒಮ್ಮೆ, 1994ರಲ್ಲಿ ಇನ್ನೊಮ್ಮೆ. ನಡುವೆ ಅರವತ್ತೇಳು ವರ್ಷ! ಆ ಅರವತ್ತೇಳು ವರ್ಷ ಅಲ್ಲಿನ ಹುಡುಗರು ಮಳೆಯಲ್ಲಿ ನೆನೆಯುತ್ತ ಅಭ್ಯಾಸ ಮಾಡುತ್ತಲೇ ಇದ್ದರು. ಅದೇ ಪ್ರಾಂತದಲ್ಲಿ ಮೇಯೋ ಎಂಬ ಜಿಲ್ಲೆ. 1951ರಲ್ಲಿ ಕಪ್ಪು ಗೆದ್ದ ಮೇಲೆ ಅದು ಮತ್ತೆ ಮತ್ತೆ ಫೈನಲಿಗೆ ಬಂದು ಮತ್ತೆ ಮತ್ತೆ ಸೋತಿದೆ. ಆ ಖಾಲಿ ಮೈದಾನದಲ್ಲಿ 2020ರಲ್ಲಿ ಡಬ್ಲಿನ್ನಿಗೆ ಸೋತದ್ದೂ ಅದೇ ತಂಡ. ಆಂಡಿ ಮೊರನ್ ಎಂಬಾತ ಆ ಜಿಲ್ಲೆಗೆ 2004ರಿಂದ 2019ರವರೆಗೆ ಆಡಿದ. 2017ರಲ್ಲಿ ವರ್ಷದ ಆಟಗಾರನೆನಿಸಿದ. ಅಖಿಲ ಐರ್ಲೆಂಡ್ ಪದಕವಿಲ್ಲದೆ ನಿವೃತ್ತನಾದ.

ಇವರಿಗೆ ಫಲ ಸಿಕ್ಕಲಿಲ್ಲವೆನ್ನೋಣವೆ? ಕಪ್ಪು ಸಿಕ್ಕಲಿಲ್ಲ, ನಿಜ. ಆದರೆ ಕಪ್ಪು ಒಬ್ಬರಿಗೇ ಸಿಕ್ಕುವ ವಸ್ತು. ವರ್ಷಕ್ಕೆ ಒಂದು ಜಿಲ್ಲೆ ನಕ್ಕರೆ ಮಿಕ್ಕೆಲ್ಲ ಜಿಲ್ಲೆಗಳೂ ಅಳಬೇಕು. ಫಲವೆಂಬುದು ಅದಕ್ಕಿಂತ ಹತ್ತಿರದಲ್ಲಿದೆ. ಒಳ್ಳೆಯ ಒದೆತದ ಫಲ ಆ ಒದೆತದೊಳಗೇ ಇದೆ. ಅದು ಲೀಟ್ರಿಮಿನ ಹುಡುಗನಿಗೂ ಸಿಕ್ಕುತ್ತದೆ, ಸೋತ ದಿನವೂ ಸಿಕ್ಕುತ್ತದೆ. ಹಾಗೆಂದು ಸೋತವರ ನೋವು ಸುಳ್ಳೆಂದು ನಾನು ಹೇಳುತ್ತಿಲ್ಲ. ಬಯಸಿದವನಿಗೇ ನೋವು. ಬೆಲೆಗಾಗಿ ಆಡುವವನಿಗೆ ಸೋತರೂ ಸಂಬಳ ಬರುತ್ತದೆ. ಇವರಿಗೆ ಆ ಸಮಾಧಾನವೂ ಇಲ್ಲ. ಆದರೂ ಮರುವರ್ಷ ಚಳಿಗಾಲ ಮುಗಿಯುವ ಮೊದಲೇ ಮೈದಾನಕ್ಕೆ ಬರುತ್ತಾರೆ.

ಅವರನ್ನು ಕರೆತರುವುದು ಏನು? ಹಳಗನ್ನಡದಲ್ಲಿ ‘ಜೋಳವಾಳಿ’ ಎಂಬ ಒಂದು ಮಾತಿದೆ. ಒಡೆಯನ ಜೋಳ ತಿಂದವನು ಒಡೆಯನಿಗಾಗಿ ಹೋರಾಡಬೇಕಾದ ಋಣ ಅದು. ಪಂಪನ ಕರ್ಣನನ್ನು ಕಟ್ಟಿಹಾಕಿದ್ದು ಅದೇ. ಈ ಹುಡುಗರು ತಿಂದದ್ದು ಯಾರ ಜೋಳವನ್ನು? ಅಳಿಯ ಹೇಳಿದ: ಪ್ರತಿ ಶನಿವಾರ ಬೆಳಿಗ್ಗೆ ಅಲ್ಲಿನ ಬಡಾವಣೆಯ ಮೈದಾನದಲ್ಲಿ ಐದಾರು ವರ್ಷದ ಮಕ್ಕಳನ್ನು ಗುಂಪುಗೂಡಿಸಿ, ಬೂಟಿನ ದಾರ ಕಟ್ಟಿ, ಚೆಂಡು ಹಿಡಿಯುವುದನ್ನು ಕಲಿಸುವ ಅಂಚೆಯವರು, ಅಂಗಡಿಯವರು, ಬಸ್ಸಿನ ಡ್ರೈವರುಗಳು ಇದ್ದಾರಂತೆ. ಅವರಿಗೂ ಸಂಬಳವಿಲ್ಲ. ಹುಲ್ಲು ಕತ್ತರಿಸುವವರಿಗೆ, ಗೆರೆ ಬಳಿಯುವವರಿಗೆ, ಟೀ ಕಾಸಿ ಕೊಡುವ ತಾಯಂದಿರಿಗೆ, ಯಾರಿಗೂ ಇಲ್ಲ. ಐದನೆಯ ವಯಸ್ಸಿನಲ್ಲಿ ಬೆಲೆ ಕೊಡದೆ ಪಡೆದದ್ದನ್ನು ಇಪ್ಪತ್ತೈದರಲ್ಲಿ ಬೆಲೆ ಕಟ್ಟಿ ಮಾರುವುದು ಹೇಗೆ? ಇದೇ ಇವರ ಜೋಳವಾಳಿ ಎಂದು ನನಗೆ ತೋರುತ್ತದೆ. ಒಡೆಯನಿಲ್ಲದ ಜೋಳವಾಳಿ.

ಇಲ್ಲಿಗೆ ಪ್ರಬಂಧವನ್ನು ಮುಗಿಸಿದ್ದರೆ ಚೆನ್ನಾಗಿತ್ತು. ಓದುಗರೂ ‘ಆಹಾ’ ಎಂದು ಪುಟ ಮಗುಚುತ್ತಿದ್ದರು. ಆದರೆ ಇದರಲ್ಲಿ ಒಂದು ಅಪಾಯವಿದೆ. ಅದನ್ನು ನಾನು ಪುಸ್ತಕದಿಂದ ಕಲಿಯಲಿಲ್ಲ, ನನ್ನ ತಪ್ಪಿನಿಂದ ಕಲಿತೆ.

ಹಿಂದೆ ನಾನಿದ್ದ ಒಂದು ಕಾಲೇಜಿನಲ್ಲಿ ನಮ್ಮ ವಿಭಾಗಕ್ಕೆ ಒಬ್ಬ ತರುಣ ಅತಿಥಿ ಉಪನ್ಯಾಸಕರಾಗಿ ಬಂದಿದ್ದರು. ಅತಿಥಿ ಎಂಬ ಶಬ್ದಕ್ಕೆ ಇಷ್ಟು ಅಪಚಾರವಾದದ್ದು ಬೇರೆಲ್ಲಿಯೂ ಇರಲಾರದು. ಈ ಅತಿಥಿಗೆ ಊಟ ಸಿಕ್ಕುವುದು ಕೊನೆಗೆ. ನನ್ನಷ್ಟೇ ಪಾಠ, ನನ್ನ ಸಂಬಳದ ಒಂದು ಸಣ್ಣ ಪಾಲು, ಅದೂ ತಿಂಗಳುಗಟ್ಟಲೆ ತಡ. ಚೆನ್ನಾಗಿ ಪಾಠ ಮಾಡುತ್ತಿದ್ದರು. ಅವರ ತರಗತಿಯಿಂದ ನಗು ಕೇಳಿಬರುತ್ತಿತ್ತು. ಒಂದು ದಿನ ಅವರು ಸಂಕೋಚದಿಂದ, “ಸರ್, ಈ ತಿಂಗಳೂ ಬಂದಿಲ್ಲ, ಯಾರನ್ನಾದರೂ ಕೇಳಬಹುದೆ?” ಎಂದರು. ಅಂದೇ ಬೆಳಿಗ್ಗೆ ನನ್ನ ಸಂಬಳ ಬಂದಿತ್ತು. ನಾನು ಹಿರಿಯನ ಗತ್ತಿನಿಂದ ಹೇಳಿದೆ: “ಪಾಠ ಹೇಳುವುದು ಒಂದು ಸೇವೆಯಪ್ಪ. ದುಡ್ಡಿನ ಮುಖ ನೋಡಿದರೆ ಸರಸ್ವತಿ ಒಲಿಯುವುದಿಲ್ಲ.” ಅವರು “ಹೌದು ಸರ್” ಎಂದು ತಲೆತಗ್ಗಿಸಿ ಹೋದರು. ಮುಂದಿನ ವರ್ಷ ಅವರು ಬರಲಿಲ್ಲ. ಮತ್ತೊಂದು ವರ್ಷ ಕಳೆದ ಮೇಲೆ ಹಬ್ಬಕ್ಕೆ ಬಟ್ಟೆ ಕೊಳ್ಳಲು ಹೋದಾಗ, ಅಂಗಡಿಯ ಗಲ್ಲಾದ ಹಿಂದೆ ಅವರನ್ನು ಕಂಡೆ. ನನ್ನನ್ನು ನೋಡಿ ಎದ್ದು ನಿಂತರು. ಬಿಲ್ಲಿನಲ್ಲಿ ಒಂದಿಷ್ಟು ಸೋಡಿ ಬಿಟ್ಟರು. “ಬೇಡ” ಎಂದರೂ ಕೇಳಲಿಲ್ಲ.

ಐರ್ಲೆಂಡಿನಲ್ಲೂ ಈ ಜಗಳವಿದೆ. ಫೈನಲಿನ ದಿನ ಎಂಬತ್ತು ಸಾವಿರ ಜನ ಟಿಕೆಟ್ಟಿಗೆ ಹಣ ಕೊಟ್ಟು ಒಳಗೆ ಬರುತ್ತಾರೆ, ಟೆಲಿವಿಷನ್ನಿನವರು ಹಣ ಕೊಡುತ್ತಾರೆ, ಜಾಹೀರಾತಿನವರು ಕೊಡುತ್ತಾರೆ. ಎಲ್ಲರ ಕಣ್ಣೂ ಯಾರ ಮೇಲಿದೆಯೋ ಅವರ ಕೈ ಬರಿದು. ಅದಕ್ಕೇ 1999ರಲ್ಲಿ ಆಟಗಾರರು ತಮ್ಮದೇ ಒಂದು ಸಂಘ ಕಟ್ಟಿಕೊಂಡು, ಪ್ರಯಾಣದ ಖರ್ಚು, ಗಾಯಗೊಂಡವರ ಯೋಗಕ್ಷೇಮ ಮೊದಲಾದುವನ್ನು ಕೇಳತೊಡಗಿದರು. ಸರ್ಕಾರದಿಂದ ಒಂದಿಷ್ಟು ಅನುದಾನವೂ ದೊರೆಯಿತು. ಸಂಬಳವಂತೂ ಇಲ್ಲ. ‘ಇದೂ ಹಣದ ದಾರಿಯೇ’ ಎಂದು ಹಳಬರು ಕೆಲವರು ಮೂಗು ಮುರಿದರು. ನನಗೆ ಆ ಆಟಗಾರರ ಮೇಲೆ ಸಿಟ್ಟು ಬರುವುದಿಲ್ಲ. ಹಾಲು ಕೊಡುವ ಹಸುವಿಗೆ ಹುಲ್ಲು ಬೇಡವೆನ್ನುವವನು ಗೋಭಕ್ತನಲ್ಲ.

ಹಾಗಾದರೆ ಬೆಲೆಯನ್ನು ಬಿಡುವುದು ಯಾವಾಗ ದೊಡ್ಡದು, ಯಾವಾಗ ದಗಾ? ಕನ್ನಡ ಮೇಷ್ಟರಿಗೆ ಕೊನೆಗೆ ನೆರವಾಗುವುದು ವ್ಯಾಕರಣವೇ. ನಮ್ಮ ವ್ಯಾಕರಣದಲ್ಲಿ ‘ಅವನು’ ಪ್ರಥಮ ಪುರುಷ, ‘ನೀನು’ ಮಧ್ಯಮ ಪುರುಷ, ‘ನಾನು’ ಉತ್ತಮ ಪುರುಷ. ‘ನಾನು’ ಎನ್ನುವವನನ್ನು ಉತ್ತಮನೆಂದು ಯಾಕೆ ಕರೆದರೋ ಎಂದು ಹುಡುಗರು ನಗುತ್ತಾರೆ, ನಾನೂ ನಕ್ಕದ್ದುಂಟು. ಈಗ ಅನ್ನಿಸುತ್ತದೆ, ‘ಬಿಡು’ ಎಂಬ ಧಾತುವಿಗೆ ಆ ಹೆಸರು ಸರಿಯಾಗಿ ಒಪ್ಪುತ್ತದೆ. ‘ಬಿಟ್ಟೆನು’ ಎಂದರೆ ತ್ಯಾಗ. ‘ಬಿಡು’ ಎಂದು ಇನ್ನೊಬ್ಬನಿಗೆ ವಿಧ್ಯರ್ಥದಲ್ಲಿ ಹೇಳಿದರೆ ಅದು ಸುಲಿಗೆ. ಆ ಡಬ್ಲಿನ್ನಿನ ಮನುಷ್ಯ ಬಿಟ್ಟದ್ದು ತನ್ನದನ್ನು. ನಾನು ಆ ತರುಣನಿಗೆ ಬಿಡೆಂದದ್ದು ಅವನದನ್ನು. ಬಟ್ಟೆ ಅಂಗಡಿಯಲ್ಲಿ ಕುಳಿತು, ಸೇವೆಯ ಉಪದೇಶ ಮಾಡಿದ್ದ ನನಗೆ ಸೋಡಿ ಬಿಟ್ಟಾಗ, ನಮ್ಮಿಬ್ಬರಲ್ಲಿ ಉತ್ತಮ ಪುರುಷ ಯಾರೆಂಬುದು ನನಗೆ ಗೊತ್ತಾಗದೆ ಇರಲಿಲ್ಲ.

ಇನ್ನೊಂದು ಮಾತು. ಕ್ಲಕ್ಸ್‌ಟನ್ನಿಗೆ ಶಾಲೆಯ ಕೆಲಸವಿತ್ತು. ಹೊಟ್ಟೆಗೆ ಅಲ್ಲಿ ದೊರೆಯುತ್ತಿದ್ದುದರಿಂದಲೇ ಮೈದಾನದಲ್ಲಿ ಬೆಲೆಯನ್ನು ಮರೆಯಲು ಸಾಧ್ಯವಾಯಿತು. ನಮ್ಮ ಶರಣರು ಕಾಯಕವನ್ನು ಹೇಳಿದರು, ದಾಸೋಹವನ್ನೂ ಹೇಳಿದರು. ದಾಸೋಹ ಹುಟ್ಟುವುದು ಕಾಯಕದಿಂದ ಬಂದದ್ದರಲ್ಲಿ. ಕಾಯಕಕ್ಕೆ ತಕ್ಕುದನ್ನು ಕೊಡದೆ ದಾಸೋಹ ಮಾಡೆನ್ನುವುದು ಅವರ ಮಾತಲ್ಲ. ಹೊಟ್ಟೆ ತುಂಬಿದವನಿಗೆ ಮಾತ್ರ ಉಪವಾಸ ವ್ರತ; ಹಸಿದವನಿಗೆ ಅದು ಬರಿಯ ಹಸಿವು. ಆದ್ದರಿಂದ ಈ ಆಟಗಾರನ ಬಾಳನ್ನು ಯಾರಾದರೂ ತಮ್ಮ ಕೈಕೆಳಗಿನವರಿಗೆ ಉದಾಹರಣೆಯಾಗಿ ಹೇಳಹೊರಟರೆ, ದಯವಿಟ್ಟು ಹೇಳಬೇಡಿ. ನಮಗೆ ನಾವೇ ಹೇಳಿಕೊಳ್ಳಬಹುದಾದ ಕತೆ ಇದು. ಅದರಲ್ಲೂ ನನ್ನಂಥ, ತಿಂಗಳಿಗೆ ಸರಿಯಾಗಿ ಸಂಬಳ ಬರುವವರು.

ಅಳಿಯ ಹೊರಡುವ ಹಿಂದಿನ ರಾತ್ರಿ, ಪೆಟ್ಟಿಗೆ ಕಟ್ಟುತ್ತ, ಹುಡುಗಾಟಕ್ಕೆ ಎಂಬಂತೆ ಕೇಳಿದ: “ಮಾವ, ನಾಳೆಯಿಂದ ಸಂಬಳ ಇಲ್ಲ ಎಂದರೆ, ಇಷ್ಟೊಂದು ಪಾಠಗಳಲ್ಲಿ ಯಾವುದನ್ನು ಮಾತ್ರ ಬಿಡದೆ ಮಾಡುತ್ತೀಯೆ?”

ನಾನು ಏನೋ ಹೇಳಿ ಹಾರಿಸಿದೆ. ರಾತ್ರಿ ನಿದ್ದೆ ಬರಲಿಲ್ಲ. ವ್ಯಾವಹಾರಿಕ ಕನ್ನಡದ ಪತ್ರಲೇಖನವನ್ನು ಸಂಬಳವಿಲ್ಲದೆ ಹೇಳಿಕೊಡಲಾರೆ, ಅದು ಖಂಡಿತ. ಸಾಹಿತ್ಯ ಚರಿತ್ರೆಯ ಇಸವಿಗಳನ್ನೂ ಹೇಳಿಕೊಡಲಾರೆ. ಒಂದೊಂದನ್ನೇ ಅಳಿಸುತ್ತ ಹೋದೆ. ಎಲ್ಲವೂ ಅಳಿಸಿಹೋಗಿ ಏನೂ ಉಳಿಯದಿದ್ದರೆ ಏನು ಗತಿ ಎಂದು ನಡುರಾತ್ರಿಯಲ್ಲಿ ಸ್ವಲ್ಪ ದಿಗಿಲೇ ಆಯಿತು. ಕೊನೆಗೆ ಒಂದು ಉಳಿಯಿತು. ಪಂಪಭಾರತದಲ್ಲಿ ಕರ್ಣನ ಭಾಗ. ಅದೊಂದನ್ನು, ಕೇಳುವ ನಾಲ್ಕು ಹುಡುಗರು ಸಿಕ್ಕಿದರೆ, ಮರದ ಕೆಳಗೆ ನಿಂತಾದರೂ ಹೇಳಿಯೇನು. ಹೇಳಿದ್ದು ಅವರಿಗೆ ಮುಟ್ಟದಿದ್ದರೆ ನನಗೆ ನೋವೂ ಆದೀತು.

ಮಾರನೆಯ ವಾರ ಆ ಪಾಠವಿತ್ತು. ಹಳದಿ ಟಿಪ್ಪಣಿಯನ್ನು ಮನೆಯಲ್ಲೇ ಬಿಟ್ಟು ಹೋದೆ. ಎರಡು ಸಲ ತಡವರಿಸಿದೆ. ಒಂದು ಕಡೆ ಪದ್ಯವೇ ಮರೆತು, ಮುಂದಿನ ಬೆಂಚಿನ ಹುಡುಗಿಯ ಪುಸ್ತಕವನ್ನು ಇಸಿದುಕೊಳ್ಳಬೇಕಾಯಿತು. ಗಂಟೆ ಹೊಡೆದ ಮೇಲೆ ಹಿಂದಿನ ಬೆಂಚಿನ ಹುಡುಗನೊಬ್ಬ ಬಾಗಿಲ ಬಳಿ ನಿಂತು, “ಸರ್, ಕರ್ಣ ಅಷ್ಟೆಲ್ಲ ಗೊತ್ತಿದ್ದೂ ಯಾಕೆ ಹೋಗಲಿಲ್ಲ?” ಎಂದು ಕೇಳಿದ. ಉತ್ತರ ಹೇಳುತ್ತ ಹೇಳುತ್ತ ಇಬ್ಬರೂ ಬಸ್ಸಿನ ನಿಲ್ದಾಣದವರೆಗೆ ನಡೆದೆವು. ಅವನ ಬಸ್ಸು ಬಂತು. ಅವನು ಹತ್ತಲಿಲ್ಲ, ಇನ್ನೊಂದು ಬಸ್ಸಿಗೆ ಕಾದ.